ಗಲ್ಲಾಪೆಟ್ಟಿಗೆಯಿಂದ ವಿಧಾನಸಭೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೇರಳದ ಗಡಿನಾಡು ಕಾಸರಗೋಡು ಜಿಲ್ಲೆಯ ಉಪ್ಪಳ, ಪೆರ್ಲ, ಹೊಸಂಗಡಿಯಂಥ ಪೇಟೆಯ ವ್ಯಾಪಾರಿಯೊಬ್ಬ ಚುನಾವಣೆಗೆ ನಿಲ್ಲುತ್ತಾನೆ ಅಂದ ಕೂಡಲೇ ಜನ ಮೊದಲು ಹೇಳುವುದು ಒಂದೇ ಮಾತು, ದುಡ್ಡಿದೆ, ನಿಲ್ಲುತ್ತಾನೆ ಅಂತ. ದುಡ್ಡು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅವನ ನಿಜವಾದ ಬಂಡವಾಳ ಇರುವುದು ಗಲ್ಲಾಪೆಟ್ಟಿಗೆಯ ಪಕ್ಕದ ಸಾಲದ ಪುಸ್ತಕದಲ್ಲಿ.

ಈ ಪೇಟೆಗಳಿರುವ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಲೆಕ್ಕ ನೋಡಿ. 2016ರಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಎದುರು ಗೆದ್ದದ್ದು ಬರೀ 89 ಮತಗಳಿಂದ. 2021ರಲ್ಲಿ ಎ.ಕೆ.ಎಂ. ಅಶ್ರಫ್ ಅದೇ ಸುರೇಂದ್ರನ್ ಅವರನ್ನು ಸೋಲಿಸಿದ್ದು 745 ಮತಗಳಿಂದ. ಒಂದು ಸಾಧಾರಣ ಜೀನಸಿನ ಅಂಗಡಿಯ ಸಾಲದ ಪುಸ್ತಕ ತೆಗೆದರೆ 89ಕ್ಕಿಂತ ಜಾಸ್ತಿ ಹೆಸರು ಸಿಗುತ್ತವೆ, ಅಲ್ವಾ? (1957ರಲ್ಲಿ ಇದೇ ಕ್ಷೇತ್ರದಿಂದ ಉಮೇಶ ರಾವ್ ಅವಿರೋಧವಾಗಿ ಗೆದ್ದಿದ್ದರು ಅಂದರೆ ಈಗಿನ ಹುಡುಗರು ನಂಬುವುದೇ ಇಲ್ಲ.)

ಅಡಿಕೆ ವ್ಯಾಪಾರಿಯಾದರೆ ಸಂಗತಿ ಇನ್ನೂ ಆಳ. ಅವನು ಮಳೆಗಾಲದಲ್ಲೇ ತೋಟದವರಿಗೆ ಮುಂಗಡ ಕೊಟ್ಟಿರುತ್ತಾನೆ, ಕೊಯ್ಲಾಗಿ ಅಡಿಕೆ ಒಣಗಿ ಗೋಣಿ ಅಂಗಡಿಗೆ ಬಂದಾಗ ಮುರಿದುಕೊಳ್ಳುತ್ತಾನೆ. ಯಾರ ತೋಟಕ್ಕೆ ಕೊಳೆರೋಗ ಬಂತು, ಯಾರ ಮಗಳ ಮದುವೆ ನಿಂತಿದೆ, ಯಾವ ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟಿಗೆ ಹೋಗಿದ್ದಾರೆ, ಎಲ್ಲ ಅವನಿಗೆ ಗೊತ್ತು. ಯಾವ ಪಕ್ಷದ ಕಚೇರಿಯಲ್ಲೂ ಇಷ್ಟು ಮಾಹಿತಿ ಇರುವುದಿಲ್ಲ.

ತಮಾಷೆ ಏನೆಂದರೆ, ನಾಮಪತ್ರ ಹಾಕಿದ ದಿನವೇ ಆ ಪುಸ್ತಕ ಸತ್ತಂತೆ. ಬಾಕಿ ಕೇಳಿದರೆ ವೋಟು ಹೋಗುತ್ತದೆ. ಗೆದ್ದ ಮೇಲೆ ಕೇಳಿದರೆ, "ಎಂಎಲ್‌ಎ ಆದರೂ ನಮ್ಮ ಐನೂರು ರೂಪಾಯಿ ಬಿಡಲಿಲ್ಲ ನೋಡಿ" ಅಂತ ಬಸ್‌ಸ್ಟ್ಯಾಂಡಿನಲ್ಲಿ ಮಾತು. ಅಂಗಡಿಯನ್ನು ತಮ್ಮನಿಗೋ ಮಗನಿಗೋ ಬಿಡಬೇಕು, ಅವರು ಸಾಲ ಕೊಡುವುದನ್ನು ನಿಲ್ಲಿಸಿದರೆ ಅದೂ ಇವನ ತಲೆಗೇ ಬರುತ್ತದೆ.

ಸಿಮೆಂಟು, ಜಲ್ಲಿ ವ್ಯಾಪಾರದವರಿಗೆ ಇನ್ನೊಂದು ತೊಡಕು. ರಾಜ್ಯ ಸರ್ಕಾರಕ್ಕೆ ಸಾಮಾನು ಪೂರೈಸುವ ಅಥವಾ ಕೆಲಸ ಮಾಡಿಸುವ ಗುತ್ತಿಗೆ ಕೈಯಲ್ಲಿದ್ದರೆ, 1951ರ ಜನಪ್ರಾತಿನಿಧ್ಯ ಕಾಯ್ದೆಯ 9ಎ ಕಲಂ ಪ್ರಕಾರ ಶಾಸಕರಾಗಲು ಅರ್ಹತೆಯೇ ಇಲ್ಲ. ಕಾನೂನು ಒಳ್ಳೆಯದೇ. ಆದರೆ ಗುತ್ತಿಗೆ ಅಣ್ಣನ ಹೆಸರಿನಿಂದ ಭಾವನ ಹೆಸರಿಗೆ ಹೋಗಲು ಎಷ್ಟು ಹೊತ್ತು ಬೇಕು ಹೇಳಿ!

ಇನ್ನು ಪ್ರಯಾಣ. ಮಂಗಳೂರು ಕಣ್ಣಳತೆಯಲ್ಲಿದೆ, ವಿಧಾನಸಭೆ ಮಾತ್ರ ತಿರುವನಂತಪುರದಲ್ಲಿ. ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಇಡೀ ರಾತ್ರಿ ರೈಲಿನಲ್ಲೇ, ಇಳಿಯುವುದು ಬೆಳಿಗ್ಗೆ. ಅಲ್ಲಿ 140 ಜನರ ನಡುವೆ ಒಬ್ಬ. ಅಂಗಡಿಯಲ್ಲಿ ಗಿರಾಕಿ ಅವನ ಎದುರು ನಿಲ್ಲುತ್ತಿದ್ದ, ಇಲ್ಲಿ ಫೈಲು ಹಿಡಿದು ಇವನೇ ನಿಲ್ಲಬೇಕು. ಕೆಲವರಿಗೆ ಇದು ಕೊನೆಗೂ ಒಗ್ಗುವುದಿಲ್ಲ, ಮದುವೆ, ಗೃಹಪ್ರವೇಶ, ಸಾವಿನ ಮನೆ ಅಂತ ಊರಲ್ಲೇ ಐದು ವರ್ಷ ಕಳೆದುಬಿಡುತ್ತಾರೆ.

ಪ್ರಮಾಣವಚನವನ್ನೇನೋ ಕನ್ನಡದಲ್ಲಿ ತೆಗೆದುಕೊಳ್ಳಬಹುದು, ರಜಾಕ್, ಅಶ್ರಫ್ ಇಬ್ಬರೂ ಹಾಗೇ ಮಾಡಿದರು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಯಾಕೆ ಹಾಕಿದಿರಿ ಅಂತ ಸದನದಲ್ಲಿ ಕನ್ನಡದಲ್ಲೇ ಕೇಳಲೂಬಹುದು. ಉತ್ತರ ಮಾತ್ರ ಮಲಯಾಳಂ ಭಾಷೆಯಲ್ಲಿ ಬರುತ್ತದೆ. ಅದನ್ನು ಊರಿಗೆ ಬಂದು ಒಬ್ಬರಿಗೆ ತುಳುವಿನಲ್ಲಿ, ಇನ್ನೊಬ್ಬರಿಗೆ ಬ್ಯಾರಿ ಭಾಷೆಯಲ್ಲಿ, ಮತ್ತೊಬ್ಬರಿಗೆ ಕೊಂಕಣಿಯಲ್ಲಿ ಹೇಳಬೇಕು. ಗಡಿನಾಡಿನ ಅಂಗಡಿಯವನಿಗೆ ಅದೊಂದು ಮಾತ್ರ ಕಷ್ಟವೇ ಅಲ್ಲ.