ನೇರಪ್ರಸಾರದ ನಗೆಗೆ ವಿಮರ್ಶೆ ಬರೆಯುವುದು
(ಹಾಸನದಲ್ಲಿ ನಡೆದ ವಿಮರ್ಶಾ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನಿನ್ನೆ ಇಲ್ಲಿ ಕಾದಂಬರಿಯ ವಿಮರ್ಶೆಯ ಬಗ್ಗೆ ಮಾತಾಯಿತು, ಇಂದು ಬೆಳಿಗ್ಗೆ ರಂಗವಿಮರ್ಶೆಯ ಬಗ್ಗೆ. ನನಗೆ ಬಂದಿರುವುದು ಟಿವಿಯ ಹಾಸ್ಯ. ಇದನ್ನು ಹಗುರವಾದ ವಿಷಯವೆಂದು ನಾನು ತಿಳಿದಿಲ್ಲ. ನಮ್ಮ ಪತ್ರಿಕೆಗಳಲ್ಲಿ ಸಿನಿಮಾಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ, ಪುಸ್ತಕಕ್ಕೆ ಇದೆ. ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯ ಕಾರ್ಯಕ್ರಮಕ್ಕೆ ಮಾತ್ರ ಒಂದೇ ಸಾಲು: ಹೊಟ್ಟೆ ಹುಣ್ಣಾಗುವಂತೆ ನಗಿಸಿತು, ಇಲ್ಲವೇ ನಗು ಬರಲಿಲ್ಲ. ಎರಡೂ ನೋಡಿದವರ ಸ್ಥಿತಿಯನ್ನು ತಿಳಿಸುತ್ತವೆಯೇ ಹೊರತು ಅವರು ಏನನ್ನು ನೋಡಿದರು ಎಂಬುದನ್ನಲ್ಲ. ನಗಿಸುವುದು ದುಡಿಮೆ. ಅದನ್ನು ಕಟ್ಟುವವರು ರಾತ್ರಿಯಿಡೀ ಕೂತು ಕಟ್ಟುತ್ತಾರೆ. ಆ ದುಡಿಮೆಗೆ ಸಲ್ಲಬೇಕಾದ ಗಮನವನ್ನು ನಾವು ಕೊಟ್ಟಿಲ್ಲ.

ಉದಾಹರಣೆಗೆ ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮವನ್ನು ತೆಗೆದುಕೊಂಡಿದ್ದೇನೆ. ದೂರದ್ದಾದರೂ ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ವಾಹಿನಿಗಳ ಹಾಸ್ಯ ಕಾರ್ಯಕ್ರಮಗಳು ಸಾಮಾನ್ಯವಾಗಿ ಮೊದಲೇ ಚಿತ್ರೀಕರಣಗೊಂಡು, ಸಂಕಲನಗೊಂಡು ಬರುತ್ತವೆ. ಬಿದ್ದ ಜೋಕನ್ನು ಕತ್ತರಿಸಲು, ಬಾರದ ನಗುವನ್ನು ಸೇರಿಸಲು ಅಲ್ಲಿ ಅವಕಾಶವಿದೆ. ಇದು 1975ರ ಅಕ್ಟೋಬರ್ 11ರಂದು ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದ ದಿನದಿಂದ ನೇರಪ್ರಸಾರವನ್ನೇ ಹೆಸರು ಮಾಡಿಕೊಂಡು ಬಂದಿದೆ. ಶನಿವಾರ ರಾತ್ರಿ ಹನ್ನೊಂದೂವರೆಗೆ ಶುರು, ತೊಂಬತ್ತು ನಿಮಿಷ. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್‌ನ ಸ್ಟುಡಿಯೋ 8-ಎಚ್ ಅದರ ಮನೆ. ಒಂದು ಕಾಲದಲ್ಲಿ ಟೋಸ್ಕನಿನಿ ಎಂಬ ಮಹಾನ್ ಸಂಗೀತ ನಿರ್ದೇಶಕ ಎನ್‌ಬಿಸಿಯ ವಾದ್ಯವೃಂದವನ್ನು ನಡೆಸಿದ ಜಾಗ ಅದು.

ಅಲ್ಲಿನ ವಾರವನ್ನು ತಿಳಿಯದೆ ಸಂಚಿಕೆಯ ಬಗ್ಗೆ ಬರೆಯಬಾರದು. ಸೋಮವಾರ ಆ ವಾರದ ಅತಿಥಿ ನಿರೂಪಕರ ಎದುರು ಬರಹಗಾರರು ತಮ್ಮ ಎಳೆಗಳನ್ನು ಹೇಳುತ್ತಾರೆ. ಮಂಗಳವಾರ ರಾತ್ರಿ ನಿದ್ದೆಗೆಟ್ಟು ಬರೆಯುತ್ತಾರೆ. ಬುಧವಾರ ಎಲ್ಲರೂ ಮೇಜಿನ ಸುತ್ತ ಕೂತು ಸುಮಾರು ನಲವತ್ತು ಸ್ಕಿಟ್‌ಗಳನ್ನು ಓದುತ್ತಾರೆ. ಅದರಲ್ಲಿ ಕೆಲವು ಮಾತ್ರ ಉಳಿಯುತ್ತವೆ. ಆ ಸಂಜೆಯಿಂದಲೇ ಸೆಟ್‌ಗಳ ಕೆಲಸ, ಗುರುವಾರ ಮತ್ತು ಶುಕ್ರವಾರ ತಾಲೀಮು. ಶನಿವಾರ ರಾತ್ರಿ ಎಂಟಕ್ಕೆ ಪ್ರೇಕ್ಷಕರನ್ನು ಕೂರಿಸಿಕೊಂಡು ಪೂರ್ಣ ತಾಲೀಮು ನಡೆಯುತ್ತದೆ. ಅದನ್ನು ನೋಡಿ, ಕಾರ್ಯಕ್ರಮದ ಸ್ಥಾಪಕ ಲಾರ್ನ್ ಮೈಕಲ್ಸ್ ಕೆಲವು ಸ್ಕಿಟ್‌ಗಳನ್ನು ತೆಗೆದುಹಾಕಿ, ಉಳಿದವುಗಳ ಕ್ರಮ ಬದಲಿಸುತ್ತಾರೆ. ಮಾತುಗಳು ಕೊನೆಯ ಕ್ಷಣದವರೆಗೂ ತಿದ್ದುಪಡಿಯಾಗುವುದರಿಂದ ನಟರು ಕ್ಯಾಮೆರಾ ಪಕ್ಕದಲ್ಲಿ ಎತ್ತಿ ಹಿಡಿದ ರಟ್ಟಿನ ಫಲಕಗಳನ್ನು ಓದಿ ಹೇಳುತ್ತಾರೆ. ಆ ಫಲಕಗಳನ್ನು ಇವತ್ತಿಗೂ ಕೈಯಲ್ಲೇ ಬರೆಯುತ್ತಾರೆ. ನಟನ ಕಣ್ಣು ಎದುರಿನ ಪಾತ್ರವನ್ನು ಬಿಟ್ಟು ಪಕ್ಕಕ್ಕೆ ಸರಿದರೆ, ಅವನು ಓದುತ್ತಿದ್ದಾನೆ ಎಂದು ತಿಳಿಯಿರಿ. ಓದುತ್ತಿದ್ದಾನೆ ಎಂಬುದು ದೋಷವಲ್ಲ. ಓದುತ್ತಲೇ ಪಾತ್ರದೊಳಗೆ ಉಳಿದಿದ್ದಾನೆಯೇ ಎಂಬುದನ್ನು ನೀವು ಬರೆಯಬೇಕು.

ಕಾರ್ಯಕ್ರಮ ಸಿದ್ಧವಾಗಿದೆ ಎಂದು ಶುರುವಾಗುವುದಿಲ್ಲ, ಹನ್ನೊಂದೂವರೆ ಆಯಿತು ಎಂದು ಶುರುವಾಗುತ್ತದೆ ಎಂದು ಮೈಕಲ್ಸ್ ಹೇಳುತ್ತಾ ಬಂದಿದ್ದಾರೆ. ನನ್ನ ಮಾತಿನ ತಿರುಳೂ ಇಲ್ಲೇ ಇದೆ. ನೇರಪ್ರಸಾರದ ಸಂಚಿಕೆ ಕೆತ್ತಿ ಮುಗಿಸಿದ ಕೃತಿಯಲ್ಲ, ಒಂದು ರಾತ್ರಿ ನಡೆದ ಘಟನೆ. ವಿಮರ್ಶಕ ಬರೆಯಬೇಕಾದದ್ದು ಆ ರಾತ್ರಿಯನ್ನು.

ಹಾಸನದಲ್ಲಿ ನಿಂತು ನೇರಪ್ರಸಾರದ ಮಾತಾಡುವಾಗ ಸಾಲಗಾಮೆ ರಸ್ತೆಯ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಅನ್ನು ನೆನೆಯದೆ ಮುಂದೆ ಹೋಗಲಾರೆ. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸಲು ಇಸ್ರೋ ಆ ಕೇಂದ್ರವನ್ನು 1982ರಲ್ಲಿ ಸ್ಥಾಪಿಸಿತು. 1983ರಲ್ಲಿ ಮೇಲೇರಿದ ಇನ್ಸಾಟ್-1ಬಿ ದೇಶದ ಹಳ್ಳಿಹಳ್ಳಿಗೆ ದೂರದರ್ಶನವನ್ನು ಮುಟ್ಟಿಸಿದಾಗ, ಆ ಉಪಗ್ರಹವನ್ನು ಅದರ ಜಾಗದಲ್ಲಿ ನಿಲ್ಲಿಸಿದ್ದವರು ಈ ಊರಿನಲ್ಲಿ ಪಾಳಿಯ ಮೇಲೆ ಎಚ್ಚರವಿದ್ದ ಎಂಜಿನಿಯರುಗಳು. ಭೂಮಿಯಿಂದ 36,000 ಕಿಲೋಮೀಟರ್ ಎತ್ತರಕ್ಕೆ ಹೋಗಿ ಮರಳುವ ಸಂಕೇತಕ್ಕೆ ಕಾಲು ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ. ಈಗಲೇ ನಡೆಯುತ್ತಿದೆ ಎಂದು ನಾವು ನಂಬುವ ಪ್ರತಿಯೊಂದರ ಹಿಂದೆ ಇಂಥ ಅಪಾರ ಶ್ರಮವಿದೆ. ಈ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಪತ್ತೂ ನಮ್ಮಲ್ಲಿದೆ. ಈ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ರಾತ್ರಿ ಶುರುವಾದದ್ದು ಬೆಳಗಾಗುವಾಗ ಮುಗಿಯುತ್ತದೆ. ಮರುದಿನ ಹೋಟೆಲಿನ ಮುಂದೆ ನಡೆಯುವ ಮಾತನ್ನು ಕೇಳಿ. ದುರ್ಯೋಧನನ ಪಾತ್ರಧಾರಿ ಎರಡನೆಯ ಕಂದಪದ್ಯದಲ್ಲಿ ಶ್ರುತಿ ಬಿಟ್ಟ, ಆದರೆ ಭೀಮ ಎದುರಾದಾಗ ಮತ್ತೆ ಹಿಡಿದುಕೊಂಡ. ಶಕುನಿ ಮಾತು ಮರೆತಾಗ ಕೃಷ್ಣನ ಪಾತ್ರಧಾರಿ ಒಂದು ಸಾಲು ಸೇರಿಸಿ ಅವನನ್ನು ಉಳಿಸಿದ. ಮೂರು ಗಂಟೆಯ ಹೊತ್ತಿಗೆ ಜನ ತೂಕಡಿಸುತ್ತಿದ್ದರು, ಆಗ ಹಾಸ್ಯದವನು ಬಂದದ್ದು ಸರಿಯಾಯಿತು. ನಾನು ಬಯಸುವ ವಿಮರ್ಶೆ ಇದೇ. ಹೊತ್ತು, ಜನ, ನಟನ ಮೈ ಮತ್ತು ಮಾತು, ಎಡವಿದ್ದು, ಸಾವರಿಸಿಕೊಂಡದ್ದು, ಎಲ್ಲವೂ ಅದರಲ್ಲಿದೆ. ಅದನ್ನು ಆಡುವವರು ಆಟವನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದವರು.

ಈ ಕಣ್ಣಿನಿಂದ 1975ರ ಆ ಮೊದಲ ಸಂಚಿಕೆಯನ್ನು ನೋಡೋಣ.

ತೆರೆ ತೆರೆದಾಗ ಶೀರ್ಷಿಕೆಯಿಲ್ಲ, ಸ್ವಾಗತವಿಲ್ಲ. ಕುರ್ಚಿಯಲ್ಲಿ ಒಬ್ಬ ಮೇಷ್ಟ್ರು. ಆ ಪಾತ್ರದಲ್ಲಿ ಬರಹಗಾರ ಮೈಕಲ್ ಓಡೊನಹ್ಯೂ. ಒಳಗೆ ಬರುವವನು ಇಂಗ್ಲಿಷ್ ಕಲಿಯಲು ಬಂದ ವಲಸಿಗ, ಜಾನ್ ಬೆಲೂಷಿ. ಮೇಷ್ಟ್ರು ಹೇಳಿಕೊಡುವ ವಾಕ್ಯಗಳೆಲ್ಲ ವಿಚಿತ್ರ: ನಿಮ್ಮ ಬೆರಳ ತುದಿಗಳನ್ನು ವುಲ್ವರೀನ್ ಎಂಬ ಕಾಡುಪ್ರಾಣಿಗಳಿಗೆ ತಿನ್ನಿಸಲು ಬಯಸುತ್ತೇನೆ ಎಂಬಂಥವು. ಶಿಷ್ಯ ಶ್ರದ್ಧೆಯಿಂದ ಹೇಳುತ್ತಾನೆ. ಇದ್ದಕ್ಕಿದ್ದಂತೆ ಮೇಷ್ಟ್ರು ಎದೆ ಹಿಡಿದುಕೊಂಡು ನೆಲಕ್ಕೆ ಬೀಳುತ್ತಾರೆ. ಶಿಷ್ಯ ಒಂದು ಕ್ಷಣ ಯೋಚಿಸಿ, ಇದೂ ಪಾಠವೆಂದು ತಿಳಿದು, ತಾನೂ ಎದೆ ಹಿಡಿದುಕೊಂಡು ಬೀಳುತ್ತಾನೆ. ಆಗ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡ ರಂಗವ್ಯವಸ್ಥಾಪಕನ ವೇಷದಲ್ಲಿ ಚೆವಿ ಚೇಸ್ ಬಂದು, ನ್ಯೂಯಾರ್ಕಿನಿಂದ ನೇರವಾಗಿ, ಇದು ಶನಿವಾರ ರಾತ್ರಿ ಎಂದು ಸಾರುತ್ತಾನೆ.

ಈ ಸ್ಕಿಟ್ ಬಗ್ಗೆ ‘ಚೆನ್ನಾಗಿತ್ತು’ ಎಂದು ಬರೆದು ಮುಂದೆ ಹೋಗಬೇಡಿ. ಬೆಲೂಷಿ ಬೀಳುವ ಮೊದಲಿನ ಆ ಒಂದು ಕ್ಷಣವನ್ನು ನೋಡಿ. ಅವನು ತಕ್ಷಣ ಬಿದ್ದಿದ್ದರೆ ಅದು ಬರಿಯ ಅನುಕರಣೆಯಾಗುತ್ತಿತ್ತು. ತಡೆದು, ಅರ್ಥ ಮಾಡಿಕೊಂಡು, ಒಪ್ಪಿಕೊಂಡು ಬೀಳುವುದರಿಂದ ಅವನು ಶ್ರದ್ಧೆಯ ಶಿಷ್ಯನಾಗುತ್ತಾನೆ. ಭಾಷೆ ಬಾರದ ಊರಿನಲ್ಲಿ ಹೊಟ್ಟೆಪಾಡಿಗೆ ಬಂದವನು, ತನ್ನ ಎದುರಿಗಿರುವವರು ಮಾಡಿದ್ದನ್ನೆಲ್ಲ ಮಾಡಿಬಿಡುತ್ತಾನೆ. ಬೇರೆ ರಾಜ್ಯಗಳಿಂದ ಮಲೆನಾಡಿನ ಕಾಫಿ ತೋಟಗಳಿಗೆ ಬಂದು, ಕನ್ನಡ ಕಲಿಯುತ್ತಿರುವ ಕಾರ್ಮಿಕರನ್ನು ಕಂಡಿರುವ ನಮಗೆ ಈ ನಗುವಿನ ಕೆಳಗಿರುವ ನೋವು ಬೇಗ ಮುಟ್ಟುತ್ತದೆ.

ಉಳಿದ ಸಂಚಿಕೆ ಇದೇ ಮಟ್ಟದಲ್ಲಿಲ್ಲ. ಅತಿಥಿ ನಿರೂಪಕ ಜಾರ್ಜ್ ಕಾರ್ಲಿನ್ ಒಂದು ಸ್ಕಿಟ್‌ನಲ್ಲಿಯೂ ಅಭಿನಯಿಸಲಿಲ್ಲ. ಬಿಡಿಬಿಡಿಯಾಗಿ ಬಂದು ಒಬ್ಬರೇ ಮಾತಾಡಿ ಹೋದರು. ಬಿಲ್ಲಿ ಪ್ರೆಸ್ಟನ್ ಮತ್ತು ಜಾನಿಸ್ ಇಯಾನ್ ತಲಾ ಎರಡು ಹಾಡು ಹಾಡಿದರು. ಬೊಂಬೆಗಳ ಆಟವೊಂದಿತ್ತು, ಒಂದು ಕಿರುಚಿತ್ರವಿತ್ತು. ಮುಂದೆ ಮನೆಮಾತಾದ ಗಿಲ್ಡಾ ರಾಡ್ನರ್, ಡ್ಯಾನ್ ಆಯ್ಕ್ರಾಯ್ಡ್ ಅವರಂಥ ನಟರಿಗೆ ಸಿಕ್ಕ ಸಮಯ ಬಹಳ ಕಡಿಮೆ. ಪೂರ್ಣ ತಾಲೀಮು ಮಿತಿಮೀರಿ ಉದ್ದವಾದುದರಿಂದ ಬಿಲ್ಲಿ ಕ್ರಿಸ್ಟಲ್ ಎಂಬ ಯುವಕನ ಸರದಿಯೇ ಆ ರಾತ್ರಿ ತಪ್ಪಿಹೋಯಿತು. ಇಷ್ಟೆಲ್ಲವನ್ನು ಒಟ್ಟಿಗೆ ನೋಡಿದಾಗ, ತನ್ನ ರೂಪ ಯಾವುದೆಂದು ಇನ್ನೂ ಗೊತ್ತಾಗದ ಸಂಚಿಕೆ ಎಂದು ನಾನು ಬರೆಯುತ್ತಿದ್ದೆ. ಅದು ನ್ಯಾಯವಾದ ಮಾತು.

ಆದರೆ ಅಲ್ಲಿಗೆ ನಿಲ್ಲಿಸಿದ್ದರೆ ಅನ್ಯಾಯವಾಗುತ್ತಿತ್ತು. ಅದೇ ಸಂಚಿಕೆಯಲ್ಲಿ ಒಂದು ಸುಳ್ಳು ಜಾಹೀರಾತು ಬರುತ್ತದೆ: ಮೂರು ಬ್ಲೇಡಿನ ರೇಜರ್. ಎರಡು ಬ್ಲೇಡು ಹೊಸದಾಗಿದ್ದ ಆ ಕಾಲದಲ್ಲಿ ಮೂರು ಎನ್ನುವುದೇ ನಗೆಯ ವಿಷಯ. ನೀವು ಏನು ಹೇಳಿದರೂ ನಂಬುತ್ತೀರಿ, ಅದಕ್ಕೇ ಇದು ಎಂಬ ಅರ್ಥದ ಸಾಲಿನಿಂದ ಅದು ಮುಗಿಯುತ್ತದೆ. 1998ರಲ್ಲಿ ಮೂರು ಬ್ಲೇಡಿನ ರೇಜರ್ ನಿಜವಾಗಿಯೇ ಮಾರುಕಟ್ಟೆಗೆ ಬಂತು. ವ್ಯಾಪಾರ ಯಾವ ದಿಕ್ಕಿಗೆ ಹೊರಟಿದೆ ಎಂದು ಹಾಸ್ಯಗಾರರು ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಹೇಳಿಬಿಟ್ಟಿದ್ದರು. ಆ ಸಂಚಿಕೆಯ ಸುಳ್ಳು ವಾರ್ತೆಯ ಭಾಗ ಇಂದಿಗೂ ಮುಂದುವರಿದಿದೆ.

ಮತ್ತೆ ಆಂಡಿ ಕೌಫ್‌ಮನ್. ಆ ಸಂಚಿಕೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಅವನ ಭಾಗ. ಒಂದು ಗ್ರಾಮಫೋನ್, ಪಕ್ಕದಲ್ಲಿ ಅವನು. ಮಕ್ಕಳ ಕಾರ್ಟೂನಿನ ಶೀರ್ಷಿಕೆ ಗೀತೆ ಮೊಳಗುತ್ತದೆ. ಅವನು ಹಾಡುವುದಿಲ್ಲ, ಕುಣಿಯುವುದಿಲ್ಲ. ಸಂಕೋಚದಿಂದ ಸುಮ್ಮನೆ ನಿಂತಿರುತ್ತಾನೆ. ಕಾರ್ಟೂನಿನ ವೀರ ‘ನಾನು ಕಾಪಾಡಲು ಬಂದೆ’ ಎಂದು ಹಾಡುವ ಸಾಲು ಬಂದಾಗ ಮಾತ್ರ ತಲೆಯೆತ್ತಿ, ಕೈ ಬೀಸಿ, ತುಟಿ ಆಡಿಸುತ್ತಾನೆ. ಸಾಲು ಮುಗಿದೊಡನೆ ಮತ್ತೆ ಅದೇ ಸಂಕೋಚ. ನಡುವೆ ಒಂದು ಲೋಟ ನೀರು ಕುಡಿಯುತ್ತಾನೆ. ಜೋಕಿಲ್ಲ, ಕತೆಯಿಲ್ಲ. ಸಭೆಯಲ್ಲಿ ಮೂಲೆ ಹಿಡಿದು ಕೂರುವ ಪ್ರತಿಯೊಬ್ಬರೊಳಗೂ ಒಂದು ಸಾಲಿನ ವೀರನಿದ್ದಾನೆ ಎಂಬುದನ್ನು ಅವನು ಮಾತಿಲ್ಲದೆ ತೋರಿಸುತ್ತಾನೆ. ಸ್ಟುಡಿಯೋದ ಜನ ಹೇಗೆ ನಗುತ್ತಾರೆ ಎಂಬುದನ್ನೂ ಗಮನಿಸಿ. ಅವನು ಕಾಯುವಾಗ ಅವರೂ ಕಾಯುತ್ತಾರೆ. ಆ ಕಾಯುವಿಕೆ ನೇರಪ್ರಸಾರಕ್ಕೆ ಮಾತ್ರ ಸಾಧ್ಯ. ಸಂಕಲನಕಾರನ ಕೈಗೆ ಸಿಕ್ಕಿದ್ದರೆ ಆ ಮೌನವೇ ಮೊದಲು ಕತ್ತರಿಗೆ ಬೀಳುತ್ತಿತ್ತು.

ಈಗ ಅಭಿಪ್ರಾಯಭೇದ ಬರಬಹುದಾದ ಒಂದು ವಿಷಯ: ನಟರು ತಮ್ಮ ಜೋಕಿಗೆ ತಾವೇ ನಕ್ಕುಬಿಡುವುದು. ನಮ್ಮ ರಂಗಭೂಮಿಯಲ್ಲಿ ಇದಕ್ಕೆ ಕ್ಷಮೆಯಿಲ್ಲ, ಇರಲೂಬಾರದು. 2004ರ ಮೇ 1ರ ಸಂಚಿಕೆಯಲ್ಲಿ ರೇಚೆಲ್ ಡ್ರ್ಯಾಚ್, ಖುಷಿಯ ಮಾತಿನ ನಡುವೆ ರೋಗ, ದುರಂತಗಳ ಸುದ್ದಿ ತೆಗೆಯುವ ಹೆಣ್ಣಿನ ಪಾತ್ರದಲ್ಲಿದ್ದರು. ಪ್ರವಾಸಕ್ಕೆ ಬಂದ ಕುಟುಂಬ ತಿಂಡಿಗೆ ಕೂತಿದೆ. ಮೊದಲು ಡ್ರ್ಯಾಚ್ ಅವರಿಗೇ ನಗು ತಡೆಯಲಾಗಲಿಲ್ಲ, ಆಮೇಲೆ ಮೇಜಿನ ಸುತ್ತ ಇದ್ದವರಿಗೆಲ್ಲ. ಅಲ್ಲಿ ಅದು ದೋಷವಲ್ಲ ಎಂದು ನಾನು ವಾದಿಸುತ್ತೇನೆ. ಪಾತ್ರ ಎಲ್ಲರ ನಗುವನ್ನು ಕೊಲ್ಲಲು ಹೊರಟಿದೆ; ನಟಿಯ ಮೈಯೇ ಪಾತ್ರಕ್ಕೆ ತಿರುಗಿಬಿದ್ದು ನಗುತ್ತಿದೆ. ಆ ಹೋರಾಟ ಸ್ಕಿಟ್‌ನ ವಸ್ತುವಿನೊಳಗೇ ಇದೆ. ವಸ್ತುವಿಗೆ ಸಂಬಂಧವಿಲ್ಲದೆ, ಮುದ್ದಾಗಿ ಕಾಣಲೆಂದು ನಗುವ ನಟನನ್ನು ಮಾತ್ರ ಹೆಸರು ಹಿಡಿದು ಟೀಕಿಸಬೇಕು.

ತಾಲೀಮಿಗೂ ನೇರಪ್ರಸಾರಕ್ಕೂ ನಡುವೆ ಏನೂ ನಡೆಯಬಹುದು. 1992ರ ಅಕ್ಟೋಬರ್ 3ರಂದು ಗಾಯಕಿ ಶಿನೇಡ್ ಓಕಾನರ್ ತಾಲೀಮಿನಲ್ಲಿ ಒಂದು ಮಗುವಿನ ಚಿತ್ರ ಹಿಡಿದು ಹಾಡು ಮುಗಿಸಿದ್ದರು. ನೇರಪ್ರಸಾರದಲ್ಲಿ ಎತ್ತಿ ಹಿಡಿದದ್ದು ಪೋಪ್ ಎರಡನೆಯ ಜಾನ್ ಪಾಲ್ ಅವರ ಚಿತ್ರ; ಅದನ್ನು ಹರಿದು ಹಾಕಿದರು. ಚರ್ಚಿನಲ್ಲಿ ಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯದ ವಿರುದ್ಧ ಅವರ ಪ್ರತಿಭಟನೆ ಅದು. ಚಪ್ಪಾಳೆಯ ಸೂಚನಾ ಫಲಕವನ್ನು ಯಾರೂ ಬೆಳಗಿಸಲಿಲ್ಲ, ಸ್ಟುಡಿಯೋ ಮೌನವಾಯಿತು. ಆ ಸಂಚಿಕೆಯನ್ನು ವಿಮರ್ಶಿಸುವವರು ಸ್ಕಿಟ್‌ಗಳನ್ನಷ್ಟೇ ಎಣಿಸುತ್ತಾ ಕೂತರೆ ರಾತ್ರಿಯೇ ಕೈತಪ್ಪಿ ಹೋಗುತ್ತದೆ.

ಅಮೆರಿಕದ ರಾಜಕೀಯ ನಮಗೆ ಗೊತ್ತಿಲ್ಲವಲ್ಲ ಎಂದು ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದರು. ಮಾಸ್ಟರ್ ಹಿರಣ್ಣಯ್ಯನವರನ್ನು ನೆನಪಿಸಿಕೊಳ್ಳಿ. ‘ಲಂಚಾವತಾರ’ದಲ್ಲಿ ಅವರು ಅಂದಂದಿನ ರಾಜಕೀಯವನ್ನು ರಂಗದ ಮೇಲೆಯೇ ಮಾತಿಗೆ ಸೇರಿಸುತ್ತಿದ್ದರು, ನಿನ್ನೆಯ ಆಟದಲ್ಲಿದ್ದ ಮಾತು ಇಂದು ಇರುತ್ತಿರಲಿಲ್ಲ. ಅಂದಿನ ಮಂತ್ರಿಗಳ ಹೆಸರು ಮರೆತವರಿಗೂ ಆ ಮಾತಿನ ಧೈರ್ಯ ನೆನಪಿದೆ. ಹಾಗೆಯೇ 2001ರ ಸೆಪ್ಟೆಂಬರ್ 29ರ ಸಂಚಿಕೆ. ಅವಳಿ ಗೋಪುರಗಳು ಉರುಳಿ ಮೂರು ವಾರವೂ ಆಗಿರಲಿಲ್ಲ. ನಗರದ ಮೇಯರ್ ರೂಡಿ ಜೂಲಿಯಾನಿ, ಅಗ್ನಿಶಾಮಕ ದಳದವರು ಮತ್ತು ಪೊಲೀಸರೊಂದಿಗೆ ವೇದಿಕೆಯ ಮೇಲೆ ನಿಂತಿದ್ದರು, ಪಾಲ್ ಸೈಮನ್ ಹಾಡಿದರು. ನಾವು ನಗಿಸಬಹುದೇ ಎಂದು ಮೈಕಲ್ಸ್ ಕೇಳಿದರು. ಈಗೇಕೆ ಶುರು ಮಾಡುತ್ತೀರಿ ಎಂದು ಮೇಯರ್ ಉತ್ತರಿಸಿದರು. ಆ ಒಂದು ಸಾಲಿಗೆ ನಕ್ಕವರ ಎದೆಯಿಂದ ಎಷ್ಟು ಭಾರ ಇಳಿದಿರಬೇಕು! ಸೂತಕದ ಮನೆಯಲ್ಲಿ ಮೊದಲ ನಗುವಿಗೆ ಅನುಮತಿ ಬೇಕೆಂಬುದು ಹಾಸನದ ಓದುಗನಿಗೂ ಗೊತ್ತು. ವಿವರವನ್ನು ಒಂದು ಸಾಲಿನಲ್ಲಿ ತಿಳಿಸಿ, ಭಾವವನ್ನು ನಮ್ಮ ಓದುಗರಿಗೆ ತಲುಪಿಸುವುದು ನಿಮ್ಮ ಕೆಲಸ.

ಕೊನೆಯದಾಗಿ ನಾಳೆಯ ಅಭ್ಯಾಸ. ಯೂಟ್ಯೂಬಿನ ನಾಲ್ಕು ನಿಮಿಷದ ತುಣುಕುಗಳನ್ನು ನೋಡಿ ದಯವಿಟ್ಟು ಬರೆಯಬೇಡಿ. ಯಾವ ಸ್ಕಿಟ್ ಮೊದಲು ಬಂತು, ಯಾವುದನ್ನು ರಾತ್ರಿ ಒಂದಕ್ಕೆ ಹತ್ತು ನಿಮಿಷ ಇರುವಾಗಿನ ಕೊನೆಯ ಜಾಗಕ್ಕೆ ತಳ್ಳಿದರು ಎಂಬುದು ತುಣುಕಿನಲ್ಲಿ ತಿಳಿಯುವುದಿಲ್ಲ. ಎಲ್ಲಕ್ಕಿಂತ ವಿಚಿತ್ರವಾದ, ಧೈರ್ಯದ ಬರಹ ಹಲವು ಬಾರಿ ಆ ಕೊನೆಯ ಜಾಗದಲ್ಲೇ ಇರುತ್ತದೆ. ಪೂರ್ತಿ ಸಂಚಿಕೆಯನ್ನು ಒಂದೇ ಕೂರಿಕೆಯಲ್ಲಿ ನೋಡಿ. ನ್ಯೂಯಾರ್ಕಿನ ಶನಿವಾರ ರಾತ್ರಿ ಹನ್ನೊಂದೂವರೆ ಎಂದರೆ ನಮಗೆ ಭಾನುವಾರ ಬೆಳಿಗ್ಗೆ ಒಂಬತ್ತು, ಅವರ ಚಳಿಗಾಲದಲ್ಲಿ ಹತ್ತು. ಪ್ರತಿ ಸ್ಕಿಟ್‌ಗೂ ಅಂಕ ಕೊಡುವ ಪಟ್ಟಿ ಬೇಡ. ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದೇ ಸ್ಕಿಟ್ ಬಗ್ಗೆ ಅರ್ಧ ಪುಟ ಬರೆಯಿರಿ, ಸಪ್ಪೆಯಾದವುಗಳಿಗೆ ಒಂದು ಸಾಲು ಸಾಕು. ಆರುನೂರು ಪದ ಮೀರಬೇಡಿ. ಸಂಜೆ ಐದಕ್ಕೆ ಇಲ್ಲೇ ಕೂತು ಗಟ್ಟಿಯಾಗಿ ಓದೋಣ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.