ನಾವು ಎದ್ದು ಬಂದ ಮೇಲೂ ನೀರು ಬರಬೇಕು

ಎಲ್ಲರಿಗೂ ನಮಸ್ಕಾರ. ಆಡಿಟರ್‌ಗಳು, ಎಂಜಿನಿಯರ್‌ಗಳು, ವಕೀಲರು, ಕಂಪ್ಯೂಟರ್ ಕೆಲಸದವರು ಎಲ್ಲ ಒಟ್ಟಿಗೇ ಸಿಕ್ಕಿದ್ದೀರಿ. ಊರಿನ ಸಂಘಗಳಿಗೆ ಏನಾದರೂ ಮಾಡಬೇಕೆಂಬ ಮನಸ್ಸಿದ್ದೇ ಬಂದವರು. ಹಾಗಾಗಿ ಸೇವೆ ಯಾಕೆ ಮಾಡಬೇಕೆಂಬ ಮಾತು ಬಿಟ್ಟು, ಅದು ಎಲ್ಲಿ ಕೆಡುತ್ತದೆ ಎಂಬಲ್ಲಿಗೇ ನೇರ ಬರುತ್ತೇನೆ.

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಮಹಿಳಾ ಸ್ವಸಹಾಯ ಸಂಘಗಳಿಗೆ, ಯಕ್ಷಗಾನ ಮಂಡಳಿಗಳಿಗೆ, ಗ್ರಾಮ ಅರಣ್ಯ ಸಮಿತಿಗಳಿಗೆ ಸಂಬಳದ ಗುಮಾಸ್ತರಿರುವುದು ಅಪರೂಪ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ತೋಟದ ಕೆಲಸ ಮುಗಿಸಿ, ರಾತ್ರಿ ನಡಾವಳಿ ಬರೆಯುವವರೇ ಕಾರ್ಯದರ್ಶಿ. ನೀವು ಮಾಡಿಕೊಟ್ಟದ್ದನ್ನು ಮುಂದೆ ನಡೆಸುವವರು ಅವರು. ಅವರ ಕೈಗೆ ಒಗ್ಗದ ವ್ಯವಸ್ಥೆ ಎಷ್ಟೇ ಚಂದವಿದ್ದರೂ ಸಂಘಕ್ಕೆ ಹೊರೆಯೇ.

ಮೊದಲು ಲೆಕ್ಕ. ಆಡಿಟರ್ ಹೋಗಿ ಕಂಪ್ಯೂಟರಿನಲ್ಲಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟು ಬರುತ್ತಾರೆ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಕರೆಂಟಿಲ್ಲ. ಆಗಸ್ಟಿನ ಹೊತ್ತಿಗೆ ಲೆಕ್ಕವೆಲ್ಲ ಡೈರಿಯ ಕೊನೇ ಹಾಳೆಯಲ್ಲಿರುತ್ತದೆ. ಸಣ್ಣ ಸಂಘಕ್ಕೆ ಒಂದು ಉದ್ದನೆಯ ನಗದು ಪುಸ್ತಕ ಸಾಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಎರಡೂ ಕಡೆ ನಗದಿಗೊಂದು ಕಾಲಮ್, ಬ್ಯಾಂಕಿಗೊಂದು. ನಂಬರ್ ಹಾಕಿದ, ಕಾರ್ಬನ್ ಪ್ರತಿ ಉಳಿಯುವ ರಸೀದಿ ಪುಸ್ತಕ ಇರಲಿ. ಪ್ರತಿ ಖರ್ಚಿಗೂ ಹಣ ಪಡೆದವರ ಸಹಿ ಇರುವ ವೋಚರ್ ಬೇಕು. ತಿಂಗಳ ಕೊನೆಗೆ ಇಬ್ಬರು ಕೂತು ಪೆಟ್ಟಿಗೆಯ ದುಡ್ಡು ಎಣಿಸಿ, ಪುಸ್ತಕದ ಶಿಲ್ಕಿನ, ಅಂದರೆ ಉಳಿಕೆ ಹಣದ, ಕೆಳಗೆ ಸಹಿ ಹಾಕಬೇಕು.

ಲೆಕ್ಕ ತಪ್ಪುವುದು ಹೆಚ್ಚಾಗಿ ಹೀಗೆ: ಖಜಾಂಚಿಯವರು ಯಕ್ಷಗಾನದ ಆಟದ ರಾತ್ರಿ ಪೆಂಡಾಲಿನವರಿಗೆ ತಮ್ಮ ಜೇಬಿನಿಂದ 3000 ರೂಪಾಯಿ ಕೊಡುತ್ತಾರೆ. ಮರುದಿನ 5000 ದೇಣಿಗೆ ಬಂದಾಗ ತಮ್ಮದನ್ನು ಹಿಡಿದುಕೊಂಡು 2000 ಮಾತ್ರ ಜಮಾ ಬರೆಯುತ್ತಾರೆ. ಮೋಸವೇನೂ ಇಲ್ಲ. ಆದರೆ ರಸೀದಿಯಲ್ಲಿ 5000, ಪುಸ್ತಕದಲ್ಲಿ 2000, ಪೆಂಡಾಲಿನ ವೋಚರೇ ಇಲ್ಲ. ವರ್ಷದ ಕೊನೆಗೆ ಇದೇ ಜಗಳಕ್ಕೆ ಮೂಲ. ಜಮಾ ಪೂರ್ತಿ, ಖರ್ಚು ಪೂರ್ತಿ ಬರೆಯುವುದನ್ನು ಅವರದೇ ಹಳೆಯ ರಸೀದಿಗಳನ್ನು ಎದುರಿಗಿಟ್ಟುಕೊಂಡು ಕಲಿಸಿ. ಅಷ್ಟನ್ನೇ ಮಾಡಿದರೂ ನಿಮ್ಮ ಸೇವೆ ಸಾರ್ಥಕ. ಇನ್ನೊಂದು ಮಾತು, ಲೆಕ್ಕ ಬರೆದುಕೊಟ್ಟವರೇ ಆಡಿಟ್‌ಗೆ ಸಹಿ ಹಾಕಬೇಡಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಾಯಿಸಿದ ಸಂಘ ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕೈದು ವರ್ಷ ಬಿಟ್ಟುಹೋದ ಸಂಘಗಳು ಬೇಕಾದಷ್ಟಿವೆ. ಅನುದಾನಕ್ಕೆ ಅರ್ಜಿ ಹಾಕುವಾಗಲೋ ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸುವಾಗಲೋ ಅದು ಹೊರಗೆ ಬರುತ್ತದೆ. ವಕೀಲರು ಬೈಲಾ ತಿದ್ದುವ ಉತ್ಸಾಹಕ್ಕಿಂತ ಮೊದಲು ಈ ಬಾಕಿ ನೋಡಲಿ.

ಇನ್ನು ನೀರು. ಗುಡ್ಡದ ಅಬ್ಬಿಯಿಂದ, ಅಂದರೆ ಝರಿಯಿಂದ, ಪೈಪಿನಲ್ಲಿ ಮನೆಗಳಿಗೆ ನೀರು ತರುವುದು ಮಲೆನಾಡಿಗೆ ಹೊಸದಲ್ಲ. ಎಂಜಿನಿಯರ್ ಕಾಲಿಟ್ಟ ಮೇಲೂ ಕೆಡುವುದಕ್ಕೆ ಒಂದು ಕಾರಣ, ಅಳತೆ ತೆಗೆದ ಕಾಲ. ಆಗಸ್ಟಿನಲ್ಲಿ ಯಾವ ಝರಿಯೂ ಧಾರಾಳಿಯೇ. ಏಪ್ರಿಲ್ ಕೊನೆಗೆ, ಮಳೆ ಬೀಳುವ ಮೊದಲು, 20 ಲೀಟರಿನ ಕ್ಯಾನು ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. 200 ಸೆಕೆಂಡು ಹಿಡಿದರೆ ನಿಮಿಷಕ್ಕೆ 6 ಲೀಟರ್, ದಿನಕ್ಕೆ 8640. ತಲೆಗೆ 55 ಲೀಟರಿನಂತೆ 150 ಜನರಿಗೆ ಬೇಕಾದದ್ದು 8250. ಸಾಕು, ಆದರೆ ರಾತ್ರಿಯ ನೀರು ಹಿಡಿದಿಟ್ಟರೆ ಮಾತ್ರ, ಏಕೆಂದರೆ ಎಲ್ಲರೂ ನಲ್ಲಿ ತಿರುಗಿಸುವುದು ಬೆಳಿಗ್ಗೆಯೇ. 5000 ಲೀಟರಿನ ಟ್ಯಾಂಕು ಬೇಕೇ ಬೇಕು. ದನಕರುಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಅದನ್ನು ಕೇಳಿ ಬರೆದುಕೊಳ್ಳಿ.

ಎತ್ತರಕ್ಕೆ ಫೋನಿನ ಜಿಪಿಎಸ್ ನಂಬಬೇಡಿ. ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಹಿಡಿದು ಹಂತಹಂತವಾಗಿ ಇಳಿಯಿರಿ. ನೇರ ಎತ್ತರದಲ್ಲಿ 10 ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ. ರಾತ್ರಿ ನಲ್ಲಿಗಳೆಲ್ಲ ಮುಚ್ಚಿದಾಗ ಆ ಒತ್ತಡ ಪೂರ್ತಿ ಪೈಪಿನ ಮೇಲೆ ಕೂರುತ್ತದೆ. 80 ಮೀಟರ್ ಇಳಿಯುವ ಕಡೆ 6 ಕೆಜಿ ಒತ್ತಡ ತಾಳುವ ಪೈಪು ಹಾಕಿದರೆ ಒಡೆಯುವುದು ರಾತ್ರಿಯೇ. ನಡುವೆ ಒತ್ತಡ ಕಡಿಯುವ ತೆರೆದ ತೊಟ್ಟಿಯೊಂದು ಕಟ್ಟಿಸಿ. ಪೈಪು ದಿಬ್ಬ ಏರಿ ಇಳಿಯುವ ಜಾಗದಲ್ಲಿ ಗಾಳಿ ನಿಂತು ನೀರಿನ ಹರಿವು ತಡೆಯುತ್ತದೆ. ಅಲ್ಲಿ ಏರ್ ವಾಲ್ವ್. ತಗ್ಗಿನಲ್ಲಿ ಮಣ್ಣು ಕೂರುತ್ತದೆ. ಅಲ್ಲಿ ತೊಳೆಯುವ ವಾಲ್ವ್. ಅಬ್ಬಿ ಕಾಡಿನೊಳಗಿದ್ದರೆ ಅಗೆಯುವ ಮೊದಲು ಅರಣ್ಯ ಇಲಾಖೆಯ ಅನುಮತಿ. ವಾಲ್ವ್ ಎಲ್ಲೆಲ್ಲಿದೆ ಎಂಬ ನಕ್ಷೆಗೆ "ಗಂಟೆಮರದ ಬುಡ", "ಹಳೇ ಅಡಿಕೆ ಚಪ್ಪರದ ಹಿಂದೆ" ಎಂಬ ಗುರುತುಗಳೇ ಇರಲಿ. ಅದನ್ನು ಓದಿ ಹುಡುಕುವವರು ಊರಿನವರು.

ಅಪ್ಪೆಮಿಡಿ, ಅಂದರೆ ಎಳೆ ಮಾವಿನ ಉಪ್ಪಿನಕಾಯಿ ಮಾಡುವ ಸಂಘಕ್ಕೆ ಲೇಬಲ್ ಬರೆದುಕೊಡುವ ಕಲಾವಿದರಿಗೆ ಎರಡೇ ಮಾತು. 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ, ನಿವ್ವಳ ತೂಕ, ಪದಾರ್ಥಗಳ ಪಟ್ಟಿ, ವಿಳಾಸ, ಹಸಿರು ಗುರುತು, ಇವಕ್ಕೆ ಜಾಗ ಬಿಟ್ಟು ಆಮೇಲೆ ಮಾವಿನೆಲೆ ಬಿಡಿಸಿ. ಬೆಲೆ, ಬ್ಯಾಚ್ ಮತ್ತು ತಯಾರಿಸಿದ ದಿನಾಂಕವನ್ನು ಅಚ್ಚು ಹಾಕಿಸಬೇಡಿ, ಸೀಲು ಒತ್ತಲು ಖಾಲಿ ಬಿಡಿ. ಇಂಕ್‌ಜೆಟ್ ಪ್ರಿಂಟ್ ಎಣ್ಣೆ ತಾಗಿದರೆ ಕಲೆಸಿಹೋಗುತ್ತದೆ.

ವೆಬ್‌ಸೈಟ್ ಮಾಡಿಕೊಡುತ್ತೇವೆ ಎನ್ನುವವರನ್ನು ನಿರುತ್ಸಾಹಗೊಳಿಸುವುದೇ ನನ್ನ ಕೆಲಸ. ಮೂರು ತಿಂಗಳಿಗೊಮ್ಮೆ ಫೋಟೋ ಬದಲಿಸುವವರು ಸಂಘದಲ್ಲಿ ಇದ್ದಾರೆಯೇ? ಇಲ್ಲವಾದರೆ ಬೇಡ. ಮಾಡಿದರೂ ಡೊಮೇನ್, ಇಮೇಲ್, ಒಟಿಪಿ ಬರುವ ಸಿಮ್ ಸಂಘದ ಹೆಸರಿನಲ್ಲೇ ಇರಲಿ. ಪಾಸ್‌ವರ್ಡ್ ಬರೆದು ಲಕೋಟೆಯಲ್ಲಿಟ್ಟು ನಡಾವಳಿ ಪುಸ್ತಕದ ಜೊತೆ ಬೀರುವಿನಲ್ಲಿಡಿ. ಸ್ವಯಂಸೇವಕರು ಬೆಂಗಳೂರಿಗೆ ವರ್ಗವಾಗಿ ಹೋದ ಮೇಲೆ ಸಂಘದವರು ಅವರ ಫೋನಿಗಾಗಿ ಕಾಯುವಂತಾಗಬಾರದು.

ಕಾಲ ನೋಡಿ ಹೋಗಿ. ನವೆಂಬರಿನಿಂದ ಜನವರಿ ತನಕ ಅಡಿಕೆ ಕೊಯ್ಲು, ಸುಲಿತ. ಆಗ ಸಭೆ ಕರೆದರೆ ಬರುವವರು ಅಧ್ಯಕ್ಷರೊಬ್ಬರೇ. ಮಳೆಗಾಲದಲ್ಲಿ ಕೂತು ಮಾಡುವ ಲೆಕ್ಕದ ಕೆಲಸ ಇಟ್ಟುಕೊಳ್ಳಿ, ಫೆಬ್ರವರಿಯ ನಂತರ ಅಳತೆಯ ಕೆಲಸ. ಮೊದಲ ಸಭೆಯಲ್ಲೇ ಒಂದು ಹಾಳೆಯಲ್ಲಿ ಬರೆದು ನೀವೂ ಸಂಘದವರೂ ಸಹಿ ಹಾಕಿ: ಯಾವ ಒಂದು ಕೆಲಸ, ಯಾವ ದಿನಕ್ಕೆ ಮುಗಿಯುತ್ತದೆ, ಸಾಮಾನಿನ ದುಡ್ಡು ಯಾರದು, ಕಲಿಯುವ ಇಬ್ಬರು ಯಾರು. ಇಬ್ಬರು ಎಂದದ್ದು ಬೇಕೆಂದೇ. ಒಬ್ಬರೇ ಕಲಿತರೆ, ಅವರು ಮದುವೆಯಾಗಿ ಬೇರೆ ಊರಿಗೆ ಹೋದ ದಿನ ಕೆಲಸ ನಿಲ್ಲುತ್ತದೆ.