ಹತ್ತಕ್ಕೆ ಹನ್ನೆರಡರ ಕೋಣೆಗೆ ಎಂಥ ಸ್ಪೀಕರ್?

ಕೇಳುಗರಿಗೆಲ್ಲ ನಮಸ್ಕಾರ.

ಮನೆ ಕಟ್ಟಿಸುವಾಗ ಸಂಗೀತ ಕೇಳೋದಕ್ಕೆ ಅಂತಲೇ ಒಂದು ಕೋಣೆ ಬಿಟ್ಟುಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಕೋಣೆ ಸಿದ್ಧವಾದ ಮೇಲೆ ಸ್ಪೀಕರ್ ಹುಡುಕಾಟ ಶುರು. ಲಕ್ಷಗಟ್ಟಲೆ ಖರ್ಚು ಮಾಡಲು ಹೊರಟವರ ಕಣ್ಣು ಮೊದಲು ಹೋಗುವುದು ಆಳೆತ್ತರದ ಸ್ಪೀಕರ್ ಮೇಲೆ. ಕೊಟ್ಟ ದುಡ್ಡು ಕಣ್ಣಿಗೂ ಕಾಣಬೇಕಲ್ಲ! ಆದರೆ ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಕೋಣೆ ಅಳೆಯಿರಿ ಅನ್ನುತ್ತೇನೆ ನಾನು.

ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿ ಅಂದುಕೊಳ್ಳೋಣ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದು ಎದುರುಬದುರು ಗೋಡೆಗಳಿಗೆ ಬಡಿದು ವಾಪಸ್ ಬರುವಾಗ ಕೆಲವು ಕಂಪನಗಳು ಒಂದರ ಮೇಲೊಂದು ಕೂಡಿಕೊಂಡು ಉಬ್ಬುತ್ತವೆ. 12 ಅಡಿಗೆ ಲೆಕ್ಕ ಹಾಕಿದರೆ ಸುಮಾರು 47 ಹರ್ಟ್ಸ್, ಅಂದರೆ ಸೆಕೆಂಡಿಗೆ 47 ಕಂಪನ. 10 ಅಡಿಗೆ ಸುಮಾರು 56. ಇಲ್ಲಿ ಅಗಲವೂ ಎತ್ತರವೂ ಒಂದೇ, ಅಲ್ವಾ? ಹಾಗಾಗಿ 56ರ ಹತ್ತಿರ ಎರಡು ಪಟ್ಟು ತೊಂದರೆ. ಸ್ನಾನದ ಮನೆಯಲ್ಲಿ ಹಾಡುವಾಗ ಯಾವುದೋ ಒಂದು ಸ್ವರ ಮಾತ್ರ ಗುಂಯ್ ಅಂತ ದೊಡ್ಡದಾಗುವುದೂ ಹೀಗೆಯೇ.

ಅಮೆರಿಕದ ಮರದ ಚೌಕಟ್ಟಿನ ಮನೆಗಳಲ್ಲಿ ಗೋಡೆಯೇ ತುಸು ಅದುರಿ ಒಂದಷ್ಟು ಬಾಸ್, ಅಂದರೆ ಇಂಥ ತಗ್ಗಿನ ಶಬ್ದ, ನುಂಗಿಬಿಡುತ್ತದೆ. ನಮ್ಮದು ಕಾಂಕ್ರೀಟ್ ತಾರಸಿ, ಗಾರೆ ಮಾಡಿದ ಗೋಡೆ, ಟೈಲ್ಸ್ ನೆಲ. ಬಾಸ್ ಒಳಗೇ ಸುತ್ತುತ್ತಿರುತ್ತದೆ. ಅಲ್ಲಿನ ಪತ್ರಿಕೆ ಹೊಗಳಿದ ದೊಡ್ಡ ಸ್ಪೀಕರ್ ಇಲ್ಲಿ ಗುಡುಗುಡು ಅನ್ನುವುದರಲ್ಲಿ ಆಶ್ಚರ್ಯವಿಲ್ಲ.

ಇಕ್ಕಟ್ಟಿನ ಜಾಗಕ್ಕೆ ಸ್ಪೀಕರ್ ಮಾಡಿದ ಒಂದು ಒಳ್ಳೆಯ ಉದಾಹರಣೆ ರೇಡಿಯೋದವರದೇ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳುವುದಕ್ಕೆ ಎಲ್‌ಎಸ್ 3/5ಎ ಎಂಬ ಸ್ಪೀಕರ್ ರೂಪಿಸಿದರು. ಒಂದೇ ಅಡಿ ಎತ್ತರ, ಸುತ್ತಲೂ ಮುಚ್ಚಿದ ಪೆಟ್ಟಿಗೆ. ಮನುಷ್ಯನ ದನಿ ಸಹಜವಾಗಿ ಕೇಳಬೇಕು ಅನ್ನುವುದು ಮುಖ್ಯ ಗುರಿ. ಆಳದ ಬಾಸ್ ಇಲ್ಲ. ಆದರೂ ಇವತ್ತಿಗೂ ಹಲವು ಕಂಪನಿಗಳು ಅದನ್ನು ತಯಾರಿಸುತ್ತಿವೆ, ಜನ ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಿದ್ದಾರೆ.

ನಮ್ಮ ಸಂಗೀತಕ್ಕೆ ಎಷ್ಟು ಬಾಸ್ ಬೇಕು, ಹೇಳಿ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಂಡು ದನಿಯ ಷಡ್ಜ ಸುಮಾರು 130 ಹರ್ಟ್ಸ್. ತಂಬೂರಿಯ ಮಂದ್ರ ಷಡ್ಜ 65. ಅಲ್ಲಿಯವರೆಗೆ ಸ್ವಚ್ಛವಾಗಿ ಇಳಿಯುವ ಸ್ಪೀಕರ್ ಸಿಕ್ಕರೆ ಕಛೇರಿ ಕೇಳೋದಕ್ಕೆ ಧಾರಾಳ ಸಾಕು. ಚರ್ಚಿನ ಪೈಪ್ ಆರ್ಗನ್ ಕೇಳುವವರ ಕಥೆ ಬೇರೆ.

ಸ್ಪೀಕರ್ ಇಡುವ ಜಾಗವನ್ನೂ ಮೊದಲೇ ಯೋಚಿಸಿ. ಅಮೆರಿಕದ ಎಂಜಿನಿಯರ್ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಮಾಡಿದ ಕ್ಲಿಪ್ಶ್‌ಹಾರ್ನ್ ಕೋಣೆಯ ಮೂಲೆಯಲ್ಲೇ ನಿಲ್ಲಬೇಕು. ಆ ಎರಡು ಗೋಡೆಗಳೇ ಅದರ ಕಹಳೆಯ ಮುಂದುವರಿಕೆ. ಬ್ರಿಟನ್ನಿನ ಕ್ವಾಡ್ ಕಂಪನಿಯ 1957ರ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ (ಪೆಟ್ಟಿಗೆಯಿಲ್ಲದ, ತೆಳು ಹಾಳೆ ಅದುರಿಸಿ ಶಬ್ದ ಮಾಡುವಂಥದ್ದು) ಇದಕ್ಕೆ ತದ್ವಿರುದ್ಧ. ಅದರ ಹಿಂಬದಿಯಿಂದಲೂ ಶಬ್ದ ಹೊರಡುವುದರಿಂದ ಹಿಂದೆ ಕೆಲವು ಅಡಿ ಜಾಗ ಬಿಡಲೇಬೇಕು. ಗೋಡೆಗೆ ಹತ್ತಿರ ಇಡುವುದು ಅನಿವಾರ್ಯ ಅಂದರೆ, ಹಿಂದೆ ತೂತಿರುವ ಪೆಟ್ಟಿಗೆಗಿಂತ ಪೂರ್ತಿ ಮುಚ್ಚಿದ ಪೆಟ್ಟಿಗೆ ಸಾಮಾನ್ಯವಾಗಿ ವಾಸಿ.

ಆಂಪ್ಲಿಫೈಯರ್ ಬಗ್ಗೆ ಒಂದೇ ಮಾತು. ಸೆನ್ಸಿಟಿವಿಟಿ, ಅಂದರೆ ಇಷ್ಟು ವಾಟ್ ಕೊಟ್ಟರೆ ಸ್ಪೀಕರ್ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಅಳತೆ, 3 ಡೆಸಿಬಲ್ ಕಡಿಮೆಯಾದರೆ ಅಷ್ಟೇ ಜೋರಿಗೆ ಎರಡು ಪಟ್ಟು ವಾಟ್ ಬೇಕು. 89 ಡೆಸಿಬಲ್‌ನ ಸ್ಪೀಕರ್ ಬಿಟ್ಟು 83ರದ್ದು ತಂದರೆ ನಾಲ್ಕು ಪಟ್ಟು.

ಇನ್ನು ಕುರ್ಚಿ. ಹಿಂದಿನ ಗೋಡೆಗೆ ಒರಗಿ ಕೂತರೆ ಬಾಸ್ ಜಾಸ್ತಿ. ಉದ್ದದ ನಟ್ಟನಡುವೆ ಕೂತರೆ ಆ 47 ಹರ್ಟ್ಸ್ ಮಾಯ! 12 ಅಡಿಯ ಕೋಣೆಯಲ್ಲಿ ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ಕೂತು ಶುರುಮಾಡಿ, ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ನೋಡಿ. ನೆಲಕ್ಕೆ ಜಮಖಾನ, ಗೋಡೆಗೆ ಪುಸ್ತಕ ತುಂಬಿದ ಕಪಾಟು ಒಳ್ಳೆಯದು. ಮೊಟ್ಟೆ ಟ್ರೇ ಅಂಟಿಸುವುದು ಸುಮ್ನೆ ಶ್ರಮ. ಟ್ರೇಯಾಗಲಿ ತೆಳು ಫೋಮ್ ಆಗಲಿ ಬಾಸನ್ನು ಮುಟ್ಟುವುದೇ ಇಲ್ಲ. ಬಾಸ್ ತಗ್ಗಿಸಲು ಮೂಲೆಗಳಲ್ಲಿ ಕಲ್ಲಿನ ನಾರಿನಿಂದ ಮಾಡಿದ ದಪ್ಪ ರಾಕ್‌ವುಲ್ ಬೇಕು. ಬಜೆಟ್ಟಿನ ಕಾಲು ಭಾಗವನ್ನಾದರೂ ಕೋಣೆಗೇ ಎತ್ತಿಡಿ ಅಂತ ನನ್ನ ಸಲಹೆ. ಸ್ಪೀಕರ್ ಒಂದು ಮೆಟ್ಟಿಲು ಕೆಳಗಿನದಾದರೂ ಚಿಂತೆಯಿಲ್ಲ.

ಅಂಗಡಿಯ ಡೆಮೋ ಕೋಣೆಯಲ್ಲಿ ಕೇಳಿ ಮರುಳಾಗಬೇಡಿ, ಅದು ಅವರ ಕೋಣೆ. ಎರಡು ದಿನ ಮನೆಗೆ ಕೊಡಿ ಅಂತ ಕೇಳಿ. ಅವರು ತೋರಿಸುವ ಡೆಮೋ ಹಾಡು ಬೇಡ, ನಿಮಗೆ ಬಾಯಿಪಾಠವಾಗಿರುವ ಒಂದು ಕಛೇರಿಯ ತನಿ ಆವರ್ತನ ಹಾಕಿ. ಮೃದಂಗದ ಎಡಗೈ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳುತ್ತವೆಯೋ, ಎಲ್ಲ ಸೇರಿ ಒಂದೇ ಮುದ್ದೆಯಾಗುತ್ತದೆಯೋ ಗಮನಿಸಿ. ಮುದ್ದೆಯಾದರೆ ವಾಪಸ್ ಕೊಟ್ಟು ಒಂದು ಸೈಜ್ ಚಿಕ್ಕದು ತನ್ನಿ. ಮನೆಗೆ ಕೊಡೋಕೆ ಅವರು ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ಅಷ್ಟು ದುಡ್ಡು ಕೊಡುವಾಗ ಕೇಳೋಕೆ ಸಂಕೋಚ ಯಾಕೆ?

ನಮಸ್ಕಾರ.